ದುಡ್ಡು ಹಾಕುವವರಿಗೆ ನಿಮ್ಮ ಡೆಬಿಟ್ ಕಾರ್ಡಿನ ಫೋಟೊ ಯಾಕೆ ಬೇಕು?

ಪ್ರಶ್ನೆ: ಮೇಡಂ, ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮೂರು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಮಾರುತ್ತಿದ್ದೇನೆ. ಬೆಂಗಳೂರು, ಮೈಸೂರಿಗೆ ಕೊರಿಯರ್ ಮಾಡುತ್ತೇನೆ. ಮೊನ್ನೆ ಹೊಸ ಗಿರಾಕಿಯೊಬ್ಬರು 40 ಬಾಟಲಿ ಉಪ್ಪಿನಕಾಯಿ ಬೇಕು, ಮುಂಗಡ ಹಾಕ್ತೀನಿ, ನಿಮ್ಮ ಡೆಬಿಟ್ ಕಾರ್ಡಿನ ಎರಡೂ ಕಡೆ ಫೋಟೊ ಕಳಿಸಿ ಅಂದರು. ಮುಂಭಾಗ ಮಾತ್ರ ಕಳಿಸಿದೆ. ಹಿಂಭಾಗವೂ ಬೇಕು ಅಂತ ಪದೇ ಪದೇ ಕೇಳುತ್ತಿದ್ದಾರೆ. ಈಗ ಹೆದರಿಕೆ ಆಗಿದೆ. ನಮ್ಮ ಅಡಿಕೆ ದುಡ್ಡೂ ಅದೇ ಖಾತೆಗೆ ಬರುತ್ತದೆ. ಇನ್ನೊಂದು ವಿಷಯ. ಹೋದ ವಾರ ಆನ್‌ಲೈನ್‌ನಲ್ಲಿ ಗಾಜಿನ ಬಾಟಲಿ ತರಿಸಲು ಕಾರ್ಡಿನಲ್ಲಿ 1,860 ರೂಪಾಯಿ ಕಟ್ಟಿದೆ. ಒಟಿಪಿ ಹಾಕುವಾಗ ನೆಟ್‌ವರ್ಕ್ ಹೋಯಿತು. ದುಡ್ಡು ಕಟ್ ಆಗಿದೆ, ಆರ್ಡರ್ ಆಗಿಲ್ಲ. ಈ ಕಾರ್ಡೇ ಬೇಡ, ಮುರಿದು ಹಾಕು ಅಂತಾರೆ ನಮ್ಮನೆಯವರು. ಏನು ಮಾಡಲಿ?

ಉತ್ತರ:

ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ. ಉಳಿದದ್ದನ್ನು ಆಮೇಲೆ ಓದಿದರೂ ಆಗುತ್ತದೆ.

ಬ್ಯಾಂಕಿನ ಆ್ಯಪ್ ಇದ್ದರೆ ಅದರಲ್ಲೇ ಬ್ಲಾಕ್ ಮಾಡಬಹುದು. ಇಲ್ಲದಿದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಫೋನ್ ಮಾಡಿ. ಶಾಖೆ ಹತ್ತಿರವಿದ್ದರೆ ನೇರ ಹೋಗಿ. ಬ್ಲಾಕ್ ಮಾಡಿದರೆ ಖಾತೆ ಮುಚ್ಚಿಹೋಗುವುದಿಲ್ಲ. ಖಾತೆಗೆ ಬರಬೇಕಾದ ದುಡ್ಡು ಬರುತ್ತದೆ, ಪಾಸ್‌ಬುಕ್ ತೋರಿಸಿ ತೆಗೆಯಲೂಬಹುದು. ಹಳೇ ಕಾರ್ಡಿನ ನಂಬರ್ ಮಾತ್ರ ಸಾಯುತ್ತದೆ. ಹೊಸ ನಂಬರಿನ ಕಾರ್ಡಿಗೆ ಅರ್ಜಿ ಕೊಡಿ. ಅದಕ್ಕೆ ಸ್ವಲ್ಪ ಶುಲ್ಕ ಹಿಡಿಯುತ್ತಾರೆ, ಹಿಡಿಯಲಿ.

ಬ್ಲಾಕ್ ಆಯಿತಾ? ಹಾಗಾದರೆ ಈಗ ಸಮಾಧಾನವಾಗಿ ಮಾತಾಡೋಣ.

ಹಿಂಭಾಗ ಕಳಿಸದೇ ಇದ್ದದ್ದು ಒಳ್ಳೆಯದಾಯಿತು. ಏನೋ ಸರಿಯಿಲ್ಲ ಅಂತ ನಿಮಗೆ ಅನ್ನಿಸಿತಲ್ಲ, ಆ ಅನುಮಾನ ಸರಿಯಾಗಿಯೇ ಇತ್ತು. ಕಾರ್ಡಿನ ಮುಂದೆ ಸಾಮಾನ್ಯವಾಗಿ 16 ಅಂಕಿಯ ನಂಬರು, ಹೆಸರು, ಅವಧಿ ಮುಗಿಯುವ ತಿಂಗಳು ಇರುತ್ತದೆ. ಹಿಂದೆ ಸಿವಿವಿ ಎಂಬ ಮೂರು ಅಂಕಿ. ನಮ್ಮ ದೇಶದ ಸೈಟುಗಳಲ್ಲಿ ಇಷ್ಟೂ ಇದ್ದರೂ ದುಡ್ಡು ಹೋಗುವುದಿಲ್ಲ, ಮೇಲೊಂದು ಒಟಿಪಿ ಬೇಕು. ಕಾರ್ಡ್ ಕೈಯಲ್ಲಿಲ್ಲದೆ ನಡೆಯುವ ಪಾವತಿಗೆ ಹೀಗೆ ಇನ್ನೊಂದು ಗುರುತು ಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2009ರ ಆಗಸ್ಟ್‌ನಿಂದಲೇ ಇದೆ. ಆದರೆ ವಿದೇಶದ ಎಷ್ಟೋ ಸೈಟುಗಳು ಒಟಿಪಿ ಕೇಳುವುದಿಲ್ಲ. ಕೆಲವು ಸಿವಿವಿಯನ್ನೂ ಕೇಳುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಚಾಲೂ ಇದ್ದರೆ ಮುಂಭಾಗದ ಫೋಟೊ ಒಂದೇ ಸಾಕಾಗಬಹುದು. ಅದಕ್ಕೇ ಬ್ಲಾಕ್ ಮಾಡಿ ಅಂದದ್ದು. 'ಒಟಿಪಿ ಕೊಡದಿದ್ದರೆ ಏನೂ ಆಗಲ್ಲ' ಎಂಬ ಮಾತು ಮುಕ್ಕಾಲು ಪಾಲು ನಿಜ, ಪೂರ್ತಿ ಅಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಡೆಬಿಟ್ ಕಾರ್ಡ್ ಅನ್ನುವುದು ನಿಮ್ಮ ಖಾತೆಯಿಂದ ದುಡ್ಡು ಹೊರಗೆ ಕೊಡಲು ಮಾಡಿದ ಸಾಧನ. ಗಿರಾಕಿಯಿಂದ ದುಡ್ಡು ಒಳಗೆ ತರಿಸಿಕೊಳ್ಳಲು ಅದರ ಅಗತ್ಯವೇ ಇಲ್ಲ. ಯಾರಾದರೂ ನಿಮಗೆ ಹಣ ಹಾಕಬೇಕಾದರೆ ಅವರಿಗೆ ಬೇಕಾದದ್ದು ಎರಡರಲ್ಲಿ ಒಂದು: ನಿಮ್ಮ ಯುಪಿಐ ಐಡಿ ಅಥವಾ ಕ್ಯೂಆರ್, ಇಲ್ಲವೇ ಖಾತೆ ನಂಬರ್ ಮತ್ತು ನಿಮ್ಮ ಶಾಖೆಯ ಗುರುತಿನ ಸಂಕೇತವಾದ ಐಎಫ್‌ಎಸ್‌ಸಿ. ಕಾರ್ಡ್ ನಂಬರ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ಇವುಗಳಲ್ಲಿ ಒಂದನ್ನು ಕೇಳಿದರೂ ಅವರು ನಿಮಗೆ ಕೊಡಲು ಬಂದವರಲ್ಲ.

ನಾನು 28 ವರ್ಷ ಬ್ಯಾಂಕಿನಲ್ಲಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಸಾಗರ, ತೀರ್ಥಹಳ್ಳಿ, ಶಿವಮೊಗ್ಗದ ಶಾಖೆಗಳಲ್ಲೇ ಕಳೆದೆ. ಕೌಂಟರಿನ ಮುಂದೆ ಕಣ್ಣೀರು ಹಾಕಿದವರಲ್ಲಿ ಏನೋ ಖರೀದಿ ಮಾಡಲು ಹೋಗಿ ಕಳಕೊಂಡವರಿಗಿಂತ 'ದುಡ್ಡು ಬರುತ್ತೆ' ಅಂತ ನಂಬಿ ಕಳಕೊಂಡವರೇ ಜಾಸ್ತಿ. ಕೊಡುವಾಗ ನಾವು ನಾಲ್ಕು ಸಲ ಯೋಚಿಸುತ್ತೇವೆ. ಬರುವ ಹೊತ್ತಿನಲ್ಲಿ ಯೋಚಿಸುವುದಿಲ್ಲ. ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು. ದೊಡ್ಡ ಆರ್ಡರ್, ಚೌಕಾಸಿ ಇಲ್ಲ, ಮುಂಗಡ ತಾವೇ ಕೊಡುತ್ತೇವೆ ಅನ್ನುವುದು, ಜತೆಗೆ ಸ್ವಲ್ಪ ಅವಸರ. ನಿಮಗೆ ಬಂದದ್ದೂ ಇದೇ ಅಚ್ಚಿನದು.

ಇದರ ಬೇರೆ ರೂಪಗಳನ್ನೂ ತಿಳಿದಿರಿ, ಯಾಕೆಂದರೆ ಒಂದು ಕೆಲಸ ಮಾಡದಿದ್ದರೆ ಇನ್ನೊಂದನ್ನು ತರುತ್ತಾರೆ. ಒಂದು, ಕ್ಯೂಆರ್ ಕಳಿಸಿ 'ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮ್ಮ ಖಾತೆಗೆ ದುಡ್ಡು ಬರುತ್ತೆ' ಅನ್ನುವುದು. ಯುಪಿಐ ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ತಾವು ಸೈನ್ಯದಲ್ಲಿದ್ದೇವೆ ಅಂತ ಹೇಳಿಕೊಂಡು, ಸಮವಸ್ತ್ರದ ಫೋಟೊ ತೋರಿಸಿ ಈ ಆಟ ಆಡುವವರು ಬಹಳ ಜನ. ಮೊದಲೆಲ್ಲ ಯುಪಿಐನಲ್ಲಿ ಯಾರು ಬೇಕಾದರೂ 'ಇಷ್ಟು ಕೊಡಿ' ಎಂಬ ಬೇಡಿಕೆ ಕಳಿಸಿ, ಅದನ್ನೇ ಹಣ ಬಂದ ಸೂಚನೆ ಅಂತ ನಂಬಿಸುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಬೇಡಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಕ್ಯೂಆರ್ ಆಟ ನಿಂತಿಲ್ಲ.

ಎರಡನೆಯದು ಇನ್ನೂ ನಾಜೂಕು. 1,500 ರೂಪಾಯಿ ಹಾಕಬೇಕಾದವರು 'ಅಯ್ಯೋ, ತಪ್ಪಿ 15,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ ಅಕ್ಕಾ, ಆಸ್ಪತ್ರೆಯಲ್ಲಿದ್ದೇವೆ' ಅನ್ನುತ್ತಾರೆ. ಆಗಲೇ ನಿಮ್ಮ ಫೋನಿಗೆ 15,000 ಜಮಾ ಆಗಿದೆ ಎಂಬ ಎಸ್ಎಂಎಸ್ ಬಂದಿರುತ್ತದೆ. ಆ ಎಸ್ಎಂಎಸ್ ಅವರೇ ಬರೆದು ಕಳಿಸಿದ್ದು. ಬ್ಯಾಂಕಿನ ಸಂದೇಶ 10 ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತದೆ. ಅದಕ್ಕಿಂತ ಸುಲಭದ ದಾರಿ ಅಂದರೆ ಎಸ್ಎಂಎಸ್ ನೋಡಬೇಡಿ, ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟನ್ನೂ ನೋಡಬೇಡಿ. ನಿಮ್ಮ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಬ್ಯಾಲೆನ್ಸ್ ಏರದೆ ಬಾಟಲಿ ಪ್ಯಾಕ್ ಮಾಡಬೇಡಿ.

ನಿಜವಾಗಿಯೂ ಜಾಸ್ತಿ ದುಡ್ಡು ಬಂದರೆ? ಆಗಲೂ ಅವರು ಹೇಳಿದ ಬೇರೆ ನಂಬರಿಗೆ ಹಾಕಬೇಡಿ. ಶಾಖೆಗೆ ಹೋಗಿ ಬರೆದುಕೊಡಿ, ಬ್ಯಾಂಕಿನ ಮೂಲಕವೇ ವಾಪಸ್ ಹೋಗಲಿ. ಆ ದುಡ್ಡು ಇನ್ನೆಲ್ಲೋ ಕದ್ದದ್ದಾಗಿರಬಹುದು. ಕಳಕೊಂಡವರು ದೂರು ಕೊಟ್ಟಾಗ ಹಣ ಹರಿದ ದಾರಿಯಲ್ಲಿರುವ ಖಾತೆಗಳಿಗೆಲ್ಲ ತಡೆ ಬೀಳುತ್ತದೆ, ನಿಮ್ಮದಕ್ಕೂ. ಇದು ನಿಮ್ಮಂಥ ಚಿಕ್ಕ ವ್ಯಾಪಾರದವರಿಗೆ ಬರುವ ದೊಡ್ಡ ಕಷ್ಟ. ಹಾಗಾಗಿ ಪ್ರತಿ ಆರ್ಡರಿಗೂ ಕೊರಿಯರ್ ರಸೀದಿ ಇಟ್ಟುಕೊಳ್ಳಿ, ಗಿರಾಕಿಯ ಹೆಸರು, ಏನು ಕಳಿಸಿದಿರಿ, ಎಷ್ಟು ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಡೆ ತೆಗೆಸಲು ಹೋದಾಗ ಆ ನೋಟ್‌ಬುಕ್ ಬಹಳ ಕೆಲಸಕ್ಕೆ ಬರುತ್ತದೆ.

ಖಾತೆ ನಂಬರ್ ಕೊಡಲು ಹೆದರುವವರೂ ಇದ್ದಾರೆ. ನಂಬರ್ ಮತ್ತು ಐಎಫ್‌ಎಸ್‌ಸಿ ಗೊತ್ತಾದ ಮಾತ್ರಕ್ಕೆ ದುಡ್ಡು ತೆಗೆಯಲು ಆಗುವುದಿಲ್ಲ, ಹಾಕಲು ಮಾತ್ರ ಆಗುತ್ತದೆ. ಅವೆರಡನ್ನೂ ಬರೆದು ಕಳಿಸಿ. ಸಹಿ ಮಾಡಿದ ಚೆಕ್ಕಿನ ಫೋಟೊ, ಪಾಸ್‌ಬುಕ್ಕಿನ ಪುಟ, ಆಧಾರ್ ಬೇಡ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಣ್ಣ ಯಂತ್ರದಲ್ಲೂ ಹಣ ತೆಗೆಯುವ ವ್ಯವಸ್ಥೆ ಇದೆ. ಬೆರಳಚ್ಚಿನ ನಕಲು ಮಾಡಿ ಹಣ ಎತ್ತಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಆಗಿವೆ. ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಿಡಬಹುದು, ಬೇಕಾದಾಗ ತೆಗೆಯಬಹುದು.

ಈಗ ನಿಮ್ಮ 1,860 ರೂಪಾಯಿ.

ಇದು ಮೋಸ ಅಲ್ಲ, ನಮ್ಮ ಮಲೆನಾಡಿನ ನೆಟ್‌ವರ್ಕಿನ ಕಥೆ. ಕಾರ್ಡಿನಲ್ಲಿ ಕಟ್ಟುವಾಗ ದುಡ್ಡು ನಿಮ್ಮ ಬ್ಯಾಂಕಿನಿಂದ ಹೊರಟು, ಪಾವತಿ ನಡೆಸುವ ಕಂಪನಿಯ ಕೈಗೆ ಹೋಗಿ, ಅಲ್ಲಿಂದ 'ಬಂತು' ಎಂಬ ಸುದ್ದಿ ಅಂಗಡಿಗೆ ಮುಟ್ಟಬೇಕು. ನೀವು ಒಟಿಪಿ ಹಾಕಿದ ಮೇಲೆ ಟವರ್ ಹೋದರೆ ನಿಮ್ಮ ಬ್ಯಾಂಕ್ ಕೊಟ್ಟಿರುತ್ತದೆ, ಅಂಗಡಿಗೆ ಸುದ್ದಿ ತಲುಪಿರುವುದಿಲ್ಲ. ದುಡ್ಡು ನಡುವೆ ನಿಂತಿದೆ, ಕಳೆದುಹೋಗಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಗಡುವು ಹಾಕಿದೆ. ಆನ್‌ಲೈನ್ ಖರೀದಿಯಲ್ಲಿ ಕಾರ್ಡಿನಿಂದ ಕಟ್ ಆಗಿ ಅಂಗಡಿಗೆ ಖಚಿತವಾಗದಿದ್ದರೆ, ವ್ಯವಹಾರ ನಡೆದ ದಿನ ಬಿಟ್ಟು 5 ದಿನದೊಳಗೆ ತಾನಾಗೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ, ಅದೂ ನೀವು ಕೇಳದೆಯೇ. ನಿಮ್ಮದು ಹೋದ ವಾರದ್ದು ಅನ್ನುತ್ತೀರಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ, ಆಗಲೇ ಬಂದಿರಬಹುದು. ಹಳೇ ಕಾರ್ಡ್ ಬ್ಲಾಕ್ ಆಗಿದ್ದರೂ ದುಡ್ಡು ಖಾತೆಗೇ ಬರುತ್ತದೆ, ಅದರ ಚಿಂತೆ ಬೇಡ. ಬಂದಿಲ್ಲ ಅಂದರೆ ಎಂಟ್ರಿಯಲ್ಲಿರುವ ರೆಫರೆನ್ಸ್ ನಂಬರ್ ಬರೆದುಕೊಂಡು ಶಾಖೆಯಲ್ಲಿ ಲಿಖಿತ ದೂರು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಖರ್ಚಿಲ್ಲ. ಹೇಗೆ ಅಂತ ತಿಳಿಯಲು 14448ಕ್ಕೆ ಫೋನ್ ಮಾಡಿ.

ಇಂಥ ಹೊತ್ತಿನಲ್ಲಿ ಜನ ಮಾಡುವ ತಪ್ಪು ಒಂದಿದೆ. ದುಡ್ಡು ಸಿಕ್ಕಿಹಾಕಿಕೊಂಡಿತಲ್ಲ ಅಂತ ಗಾಬರಿಯಿಂದ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಮೇಲೆ ಕಾಣುವ ನಂಬರ್ ಮೋಸಗಾರರೇ ಹಾಕಿದ್ದಿರಬಹುದು. ಅವರು ಬಹಳ ಮರ್ಯಾದೆಯಿಂದ ಮಾತಾಡಿ, 'ರೀಫಂಡ್ ಕೊಡಲು ಈ ಆ್ಯಪ್ ಹಾಕಿಕೊಳ್ಳಿ' ಅನ್ನುತ್ತಾರೆ. ಅದು ನಿಮ್ಮ ಫೋನಿನ ಪರದೆ ಅವರಿಗೆ ಕಾಣುವಂತೆ ಮಾಡುವ ಆ್ಯಪ್. ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್ ಕಳಿಸುತ್ತಾರೆ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ, ಬ್ಯಾಂಕ್ ಕೆವೈಸಿ ಅಂತೆಲ್ಲ ಹೆಸರಿಟ್ಟುಕೊಂಡು ಬರುವುದೂ ಇದೇ. ಅದನ್ನು ಒಳಗೆ ಬಿಟ್ಟರೆ ನೀವು ಬಾಯಿಬಿಟ್ಟು ಒಟಿಪಿ ಹೇಳಬೇಕಾಗಿಯೇ ಇಲ್ಲ, ಅದೇ ಎಸ್ಎಂಎಸ್ ಓದಿ ಅವರಿಗೆ ಮುಟ್ಟಿಸುತ್ತದೆ. ಸಹಾಯವಾಣಿ ಬೇಕಾದರೆ ನೀವು ಖರೀದಿ ಮಾಡಿದ ಆ್ಯಪಿನ ಒಳಗೇ ಹುಡುಕಿ. ಬ್ಯಾಂಕಿನದಾದರೆ ಕಾರ್ಡಿನ ಮೇಲಿನ ನಂಬರ್. ಬ್ಯಾಂಕಿನ ವೆಬ್‌ಸೈಟಿಗೆ ಹೋಗುವಾಗ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಮುಗಿಯುತ್ತದಾ ನೋಡಿ. 2025ರ ಅಕ್ಟೋಬರ್ ಕೊನೆಯೊಳಗೆ ಬ್ಯಾಂಕುಗಳೆಲ್ಲ ಆ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಸೈಟ್ ಅಸಲಿ ಅಂದುಕೊಳ್ಳಬೇಡಿ. ನೀವು ಬರೆದದ್ದನ್ನು ದಾರಿಯಲ್ಲಿ ಯಾರೂ ಓದಲಾರರು ಅಂತ ಮಾತ್ರ ಆ ಬೀಗ ಹೇಳುತ್ತದೆ. ಆ ಕಡೆ ಕೂತವರು ಯಾರು ಅಂತ ಹೇಳುವುದಿಲ್ಲ.

ಹಾಗಾದರೆ ಕಾರ್ಡ್ ಮುರಿದು ಹಾಕಬೇಕಾ? ನಿಮ್ಮನೆಯವರ ಆತಂಕ ನನಗೆ ಅರ್ಥವಾಗುತ್ತದೆ. ವರ್ಷದ ಅಡಿಕೆ ದುಡ್ಡು ಇರುವ ಖಾತೆ ಅದು. ಆದರೆ ತೊಂದರೆ ಇರುವುದು ಕಾರ್ಡಿನಲ್ಲಲ್ಲ, ಆ ಖಾತೆಗೇ ಕಾರ್ಡ್ ಇರುವುದರಲ್ಲಿ. ಡೆಬಿಟ್ ಕಾರ್ಡಿನಲ್ಲಿ ಏನೇ ಆದರೂ ಮೊದಲು ಹೋಗುವುದು ನಿಮ್ಮದೇ ದುಡ್ಡು. ಕ್ರೆಡಿಟ್ ಕಾರ್ಡಾದರೆ ಬಿಲ್ಲಿನ ಮೇಲೆ ತಕರಾರು ಹೂಡಬಹುದು, ಖಾತೆ ಖಾಲಿ ಆಗಿರುವುದಿಲ್ಲ. ಡೆಬಿಟ್ ಕಾರ್ಡಿನಲ್ಲೂ ತಕರಾರಿಗೆ ಅವಕಾಶ ಇದೆ, ಆದರೆ ಅದು ಮುಗಿಯುವ ತನಕ ಗೊಬ್ಬರಕ್ಕೆ, ಕೂಲಿಗೆ ಕೈಯಲ್ಲಿ ಕಾಸಿರುವುದಿಲ್ಲ.

ನನ್ನನ್ನು ಕೇಳಿದರೆ ಎರಡು ಖಾತೆ ಮಾಡಿ. ಮಂಡಿಯಿಂದ, ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್ಕೋಸ್‌ನಿಂದ ಅಡಿಕೆ ದುಡ್ಡು ಬರುವ ಖಾತೆಗೆ ಕಾರ್ಡೂ ಬೇಡ, ಯುಪಿಐ ಕೂಡ ಬೇಡ. ಚೆಕ್, ಪಾಸ್‌ಬುಕ್ ಸಾಕು. ಉಪ್ಪಿನಕಾಯಿ ವ್ಯಾಪಾರಕ್ಕೆ ಇನ್ನೊಂದು ಖಾತೆ ತೆರೆಯಿರಿ. ಕ್ಯೂಆರ್ ಅದರದ್ದು, ಹೊಸ ಕಾರ್ಡ್ ಅದರದ್ದು. ಅದರಲ್ಲಿ ಮೂರ್ನಾಲ್ಕು ಸಾವಿರಕ್ಕಿಂತ ಜಾಸ್ತಿ ನಿಲ್ಲಲು ಬಿಡಬೇಡಿ. ತುಂಬುತ್ತಾ ಬಂದ ಹಾಗೆ ದೊಡ್ಡ ಖಾತೆಗೆ ದಾಟಿಸಿ. ಕನಿಷ್ಠ ಮೊತ್ತ ಇಡಬೇಕಾದ ಖಾತೆ ಹೌದೋ ಅಲ್ಲವೋ ತೆರೆಯುವಾಗಲೇ ಕೇಳಿಕೊಳ್ಳಿ. ಇದರಲ್ಲಿ ನಷ್ಟ ಅಂದರೆ ಎರಡು ಪಾಸ್‌ಬುಕ್ ನೋಡಿಕೊಳ್ಳುವ ರಗಳೆ ಅಷ್ಟೇ. ಲಾಭ ಅಂದರೆ ಏನೇ ತಪ್ಪಾದರೂ, ಖಾತೆಗೆ ತಡೆ ಬಿದ್ದರೂ, ಅಡಿಕೆ ದುಡ್ಡಿಗೆ ತಟ್ಟುವುದಿಲ್ಲ.

ಹೊಸ ಕಾರ್ಡ್ ಬಂದಾಗ ಆನ್‌ಲೈನ್ ಬಳಕೆ ಮುಚ್ಚಿಯೇ ಇರುತ್ತದೆ, ನೀವಾಗಿ ತೆರೆಯಬೇಕು. 2020ರ ಅಕ್ಟೋಬರ್‌ನಿಂದ ಬಂದ ನಿಯಮ ಇದು. ಆ್ಯಪಿನಲ್ಲಿ, ಎಟಿಎಂನಲ್ಲಿ, ಫೋನ್ ಮಾಡಿಯೂ ಇದನ್ನು ಬದಲಿಸಬಹುದು. ವಿದೇಶಿ ವ್ಯವಹಾರ ಯಾವತ್ತೂ ಮುಚ್ಚಿಡಿ. ಆನ್‌ಲೈನ್ ಬಳಕೆಗೆ ಮಿತಿ ಹಾಕಿ, ನಿಮಗೆ 2,000 ಸಾಕು ಅನ್ನಿಸುತ್ತದೆ. ಬಾಟಲಿ ತರಿಸುವ ದಿನ ತೆರೆದು, ಕಟ್ಟಿ, ಮತ್ತೆ ಮುಚ್ಚಿ. ಅಡುಗೆ ಆದ ಮೇಲೆ ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿದ ಹಾಗೆ, ನಾಲ್ಕು ಸಲ ಮಾಡಿದರೆ ಅಭ್ಯಾಸ ಆಗುತ್ತದೆ. ಪಿನ್ ಇಲ್ಲದೆ ತಾಗಿಸಿ ಕೊಡುವ ಸೌಲಭ್ಯದಲ್ಲಿ ಒಂದು ಸಲಕ್ಕೆ 5,000ದವರೆಗೆ ಹೋಗಬಹುದು. ಪೇಟೆಗೆ ಅಪರೂಪಕ್ಕೆ ಹೋಗುವವರಾದರೆ ಅದನ್ನೂ ಮುಚ್ಚಿ.

ಸೈಟಿನಲ್ಲಿ ಕಾರ್ಡ್ ಉಳಿಸಬಹುದಾ ಅಂತ ಅನೇಕರು ಕೇಳುತ್ತಾರೆ. 2022ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ಅಂಗಡಿಗಳು ನಿಮ್ಮ ಅಸಲಿ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಆ ಅಂಗಡಿಯಲ್ಲಿ ಮಾತ್ರ ನಡೆಯುವ ಟೋಕನ್ ಇರುತ್ತದೆ. ಅಂಗಡಿಯ ಮಾಹಿತಿ ಸೋರಿದರೂ ಆ ಟೋಕನ್ ಬೇರೆ ಕಡೆ ಕೆಲಸಕ್ಕೆ ಬಾರದು. ಹಾಗಾಗಿ ಪದೇ ಪದೇ ತರಿಸುವ ಒಂದೆರಡು ಕಡೆ ಉಳಿಸಿದರೆ ತಪ್ಪಿಲ್ಲ. ಹೊಸದಾಗಿ ಕಂಡ ಸೈಟಿನಲ್ಲಿ ಕಾರ್ಡೇ ಬೇಡ, ಸಾಮಾನು ಬಂದ ಮೇಲೆ ದುಡ್ಡು ಕೊಡುವ ವ್ಯವಸ್ಥೆ ಇದ್ದರೆ ನೋಡಿ. ಅಲ್ಲೂ ಒಂದು ಎಚ್ಚರಿಕೆ: ನೀವು ಆರ್ಡರ್ ಮಾಡದ ಪಾರ್ಸೆಲ್ ತಂದು, ಕ್ಯಾನ್ಸಲ್ ಮಾಡಲು ಒಟಿಪಿ ಹೇಳಿ ಅಂದರೆ ಹೇಳಬೇಡಿ.

ಟವರ್ ವಿಷಯಕ್ಕೆ ಮತ್ತೆ ಬರಬೇಕು, ಯಾಕೆಂದರೆ ಇದು ಪೇಟೆಯವರು ಬರೆದ ಸಲಹೆಗಳಲ್ಲಿ ಸಿಗುವುದಿಲ್ಲ. ನಮ್ಮ ಕಡೆ ಒಟಿಪಿ ಸಿಗಲು ಗುಡ್ಡ ಹತ್ತುವವರಿದ್ದಾರೆ. ಬೇಸರವಾಗಿ ಬ್ಯಾಂಕಿಗೆ ಪೇಟೆಯಲ್ಲಿರುವ ಮಗನ ನಂಬರೋ ಅಂಗಡಿಯವರ ನಂಬರೋ ಕೊಟ್ಟುಬಿಡುತ್ತಾರೆ. ಆಗ ಖಾತೆಯಲ್ಲಿ ಏನಾದರೂ ನಡೆದರೆ ನಿಮಗೆ ಗೊತ್ತಾಗುವುದೇ ಇಲ್ಲ. ನಂಬರ್ ನಿಮ್ಮದೇ ಇರಲಿ. ಮನೆಯಲ್ಲಿ ವೈಫೈ ಇದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿ, ಫೋನೂ ಸಿಮ್ಮೂ ಅದಕ್ಕೆ ಒಗ್ಗಿದರೆ ಒಟಿಪಿ ಮನೆಯೊಳಗೇ ಬರುತ್ತದೆ.

ಇನ್ನೊಂದು ಅಪಾಯ ಇದೆ. ನಮ್ಮ ಹೆಸರಿನಲ್ಲಿ ನಕಲಿ ಸಿಮ್ ತೆಗೆದರೆ ನಮ್ಮ ಫೋನಿನ ಸಿಗ್ನಲ್ ಹೋಗುತ್ತದೆ. ಬೆಂಗಳೂರಿನವರಿಗೆ ಅದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ನಮಗೆ ಸಿಗ್ನಲ್ ಇಲ್ಲದಿರುವುದು ಹೊಸದೇನಲ್ಲ. ನಾನಿದ್ದ ಒಂದು ಶಾಖೆಗೆ ಬಂದ ಬೆಳೆಗಾರರೊಬ್ಬರು ಹತ್ತು ದಿನ 'ಟವರ್ ಹೋಗಿದೆ' ಅಂತಲೇ ಸುಮ್ಮನಿದ್ದರು. ಅಷ್ಟರಲ್ಲಿ ಖಾತೆ ಬರಿದಾಗಿತ್ತು. ಆ ದಿನ ಅವರ ಮುಖ ನೋಡಿದ್ದು ನನಗೆ ಇನ್ನೂ ಮರೆತಿಲ್ಲ. ಅಕ್ಕಪಕ್ಕದ ಮನೆಯವರ ಅದೇ ಕಂಪನಿಯ ಸಿಮ್ಮಿಗೆ ಸಿಗ್ನಲ್ ಇದ್ದು, ನಿಮ್ಮದಕ್ಕೆ ಮಾತ್ರ ಇಲ್ಲ ಅಂದರೆ ಕಾಯಬೇಡಿ. ಬೇರೆ ಫೋನಿನಿಂದ ಮೊದಲು ಬ್ಯಾಂಕಿಗೆ, ಆಮೇಲೆ ಸಿಮ್ ಕಂಪನಿಗೆ ಹೇಳಿ.

ದಿನಗಳ ಲೆಕ್ಕ ಯಾಕೆ ಇಷ್ಟು ಮುಖ್ಯ ಅಂದರೆ, ನಷ್ಟ ಯಾರದು ಅಂತ ತೀರ್ಮಾನ ಆಗುವುದೇ ಅದರ ಮೇಲೆ. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೀಗೆ ಹೇಳುತ್ತದೆ. ನಿಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಹೊರಗಿನವರು ದುಡ್ಡು ಎತ್ತಿದ್ದಾರೆ ಅಂದರೆ, ಬ್ಯಾಂಕಿನ ಸಂದೇಶ ಬಂದ ದಿನ ಬಿಟ್ಟು 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರಿಗೆ ಹೆಚ್ಚೆಂದರೆ 10,000, ಕನಿಷ್ಠ ಮೊತ್ತ ಇಡಬೇಕಿಲ್ಲದ ಬೇಸಿಕ್ ಖಾತೆಯವರಿಗೆ 5,000ದವರೆಗೆ ಹೊರೆ. ಅದೂ ದಾಟಿದರೆ ಆಯಾ ಬ್ಯಾಂಕಿನ ನೀತಿ. ತಿಳಿಸಿದ ಮೇಲೆ 10 ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ದೂರು ಇತ್ಯರ್ಥ ಆಗಬೇಕು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಇಂಥದ್ದೇ ನಿಯಮ ಬಂತು.

ಆದರೆ ನೀವೇ ಗುಟ್ಟು ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದೇ. ನೀವು ಕಾರ್ಡಿನ ಫೋಟೊ ಕಳಿಸಿದ್ದನ್ನೂ ಬ್ಯಾಂಕ್ ಹಾಗೆ ಎಣಿಸಬಹುದು, ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಬ್ಲಾಕ್ ಮಾಡಿಸಿದ ಸಮಯ ಮತ್ತು ದೂರಿನ ನಂಬರ್ ಬರೆದಿಟ್ಟುಕೊಳ್ಳಿ ಅನ್ನುವುದು ಇದಕ್ಕೇ.

ಒಂದು ವೇಳೆ ದುಡ್ಡು ಹೋಗಿದ್ದು ಕಂಡರೆ ಬ್ಯಾಂಕಿಗೆ ಹೇಳಿ ಅಲ್ಲಿಗೇ ಬಿಡಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕದ್ದ ದುಡ್ಡು ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ನಿಮಿಷಗಳಲ್ಲಿ ಐದಾರು ಖಾತೆ ದಾಟುತ್ತದೆ. ಮುಂದಿನ ಖಾತೆಯಲ್ಲಿ ತಡೆಹಿಡಿಸುವುದು 1930ರ ಕೆಲಸ. ಅವಮಾನ ಅಂತ ರಾತ್ರಿಯೆಲ್ಲ ಯಾರಿಗೂ ಹೇಳದೆ ಕೂರುವವರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ದೂರಿನ ಮುಂದಿನ ಕೆಲಸಕ್ಕೆ ನಿಮ್ಮ ಠಾಣೆ, ಇಲ್ಲವೇ ಸೈಬರ್ ಅಪರಾಧ ನೋಡುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆ ಇದೆ.

ಇನ್ನು ಆ 40 ಬಾಟಲಿಯವರಿಗೆ ಏನು ಹೇಳುವುದು? ನಿಮ್ಮ ಯುಪಿಐ ಐಡಿ ಕಳಿಸಿ, 'ಇದಕ್ಕೆ ಅರ್ಧ ಮುಂಗಡ ಹಾಕಿ, ಬಂದ ಮೇಲೆ ಕೆಲಸ ಶುರು ಮಾಡ್ತೀನಿ' ಅಂತ ಒಂದೇ ಸಾಲು ಬರೆಯಿರಿ. ನಿಜವಾದ ಗಿರಾಕಿ ಆದರೆ ಹಾಕುತ್ತಾರೆ. ಮತ್ತೆ ಕಾರ್ಡು, ಒಟಿಪಿ, ಕ್ಯೂಆರ್ ಅಂತ ಶುರು ಮಾಡಿದರೆ ಉತ್ತರ ಕೊಡಬೇಡಿ, ನಂಬರ್ ಬ್ಲಾಕ್ ಮಾಡಿ. ದುಡ್ಡು ಹೋಗದಿದ್ದರೂ ಇಂಥ ನಂಬರನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲಿ 'ಚಕ್ಷು' ಎಂಬ ಕಡೆ ದೂರಬಹುದು, ಮಗಳೋ ಮಗನೋ ಇದ್ದರೆ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಕೋಪದಲ್ಲಿ ಆ ಚಾಟ್ ಮಾತ್ರ ಅಳಿಸಬೇಡಿ. ನೀವು ಫೋಟೊ ಕಳಿಸಿದ ಸಮಯ, ಅವರು ಕೇಳಿದ ಮಾತು, ಎಲ್ಲ ಅದರಲ್ಲೇ ಇದೆ.